ಕಾರ್ಡು ಕೆಟ್ಟಿರಲಿಲ್ಲ

ಮಗಳ ಎರಡನೇ ಜಡೆ ಅರ್ಧಕ್ಕೆ ಬಂದಿದ್ದಾಗ ಕರೆಗಂಟೆ ಕೇಳಿಸಿತು. ರಿಬ್ಬನ್ ಹಲ್ಲಿನಲ್ಲಿ ಕಚ್ಚಿಕೊಂಡೇ ಹೋಗಿ ಬಾಗಿಲು ತೆರೆದೆ. ನಮ್ಮ ಕಚೇರಿಯ ಕಂಪ್ಯೂಟರ್ ವಿಭಾಗದವರು. ಈ ತಿಂಗಳಲ್ಲಿ ಮೂರನೇ ಸಲ.

"ಮತ್ತೆ ನಿಧಾನ ಆಯ್ತಾ ಮೇಡಂ?"

ತಲೆಯಾಡಿಸಿದೆ. ಅವರ ನೋಟ ರಿಬ್ಬನ್ ಮೇಲೆ ಒಂದು ಕ್ಷಣ ನಿಂತಿತು; ನಕ್ಕು, ನೆಲ ನೋಡಿದರು.

"ಫ್ಯಾನ್ ಅಂಕಲ್ ಬಂದ್ರು!" ಎಂದಳು ಮಗಳು. ನನ್ನ ಕಂಪ್ಯೂಟರಿಗೆ ಹೊಸದಾಗಿ ಹಾಕಿದ ಗ್ರಾಫಿಕ್ಸ್ ಕಾರ್ಡಿಗೆ ಮೂರು ಫ್ಯಾನುಗಳಿವೆ. ಅದನ್ನು ತಂದವರಿಗೆ ಅವಳಿಟ್ಟ ಹೆಸರು.

ನಾನು ಮನೆಯಿಂದಲೇ ಆಸ್ಪತ್ರೆ ಮಂಚಗಳ ಬಿಡಿಭಾಗ ವಿನ್ಯಾಸ ಮಾಡುತ್ತೇನೆ. ಬಲ ಕುಂದದಂತೆ ಎಲ್ಲೆಲ್ಲಿ ಲೋಹ ಕಡಿಮೆ ಮಾಡಬಹುದೆಂದು ಸಾಫ್ಟ್‌ವೇರ್ ಸಾವಿರಾರು ಸಲ ಲೆಕ್ಕ ಹಾಕಿ ಹೇಳುತ್ತದೆ. ಮೊದಲು ಅದಕ್ಕೆ ಆರು ಗಂಟೆ ಬೇಕಿತ್ತು. ಇವರು ಕಾರ್ಡ್ ಕೂರಿಸಿ, ಡ್ರೈವರ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ 'ಜಿಪಿಯು ಬಳಸಿ', ಅಂದರೆ ಲೆಕ್ಕವನ್ನು ಈ ಕಾರ್ಡಿಗೇ ಒಪ್ಪಿಸಿ, ಎಂಬಲ್ಲಿ ಟಿಕ್ ಮಾಡಿದ ಮೇಲೆ ನಲವತ್ತು ನಿಮಿಷ.

ಆ ಟಿಕ್ ತೆಗೆದವಳು ನಾನೇ. ಎರಡು ಸಲ. ಮಗಳ ಅಪ್ಪ ತೀರಿಕೊಂಡ ಮೇಲಿನ ನಾಲ್ಕು ವರ್ಷಗಳಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದು.

"ಮುಂದಿನ ವಾರದಿಂದ ನಾವು ಯಾರ ಮನೆಗೂ ಬರಲ್ಲ. ಏನಿದ್ರೂ ಆಫೀಸಿಂದಾನೇ ರಿಮೋಟ್‌ನಲ್ಲಿ ನೋಡೋದು. ಇದೇ ಕೊನೇ ಸಲ ಮೇಡಂ."

"ಒಳ್ಳೇದೇ ಆಯ್ತು. ನಿಮಗೂ ಓಡಾಟ ತಪ್ತು."

"ಅಮ್ಮಾ, ಕೂದಲು! ಎಳೀಬೇಡ!"

ಅವರು ಲಾಗ್ ಫೈಲ್ ತೆರೆದರು. ಯಾರು ಯಾವಾಗ ಯಾವ ಸೆಟ್ಟಿಂಗ್ ಬದಲಿಸಿದರೆಂದು ಅದು ಬರೆದಿಡುತ್ತದಂತೆ. ಅಂಥದ್ದೊಂದು ಇದೆಯೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಹೆಸರು ಎರಡು ಸಾಲುಗಳಲ್ಲಿತ್ತು, ತಾರೀಖು ಸಮೇತ.

"ಕೈ ತಪ್ಪಿ ಆಗಿರ್ಬೇಕು," ಎಂದೆ.

"ಎರಡು ಸಲಾನೂ, ನನಗೆ ಫೋನ್ ಮಾಡೋಕೆ ಐದು ನಿಮಿಷ ಮುಂಚೆ ಕೈ ತಪ್ಪಿದೆ."

ನನ್ನ ಕಿವಿ ಬಿಸಿಯಾಯಿತು. "ಹೋದ ಸಲಾನೂ ನೋಡಿದ್ರಾ ಇದನ್ನ?"

"ನೋಡ್ದೆ. ಆಗ ಒಂದೇ ಸಾಲಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇನ್ನೊಂದು ಸಲ ತೆಗೀತಿರ್ಲಿಲ್ವಲ್ಲ."

ಅವರು ಟಿಕ್ ಹಾಕಿದರು. ಫ್ಯಾನುಗಳು ಗುಂಯ್ ಎಂದವು; ಪರದೆಯ ಮೇಲಿನ ಮಂಚದ ಬಿಡಿಭಾಗ ನೋಡನೋಡುತ್ತ ತೆಳ್ಳಗಾಗತೊಡಗಿತು. ಕೆಲಸ ಮುಗಿದಿತ್ತು. ಅವರು ಬ್ಯಾಗಿನ ಜಿಪ್ಪನ್ನು ಎಷ್ಟು ನಿಧಾನ ಎಳೆಯಬಹುದೋ ಅಷ್ಟು ನಿಧಾನವಾಗಿ ಎಳೆದರು. ನಾನು ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು ಬಿಡಿಸುತ್ತ ಕೂತೆ.

"ಅಮ್ಮ, ಅಂಕಲ್‌ನ ಒಂದು ಕೇಳ್ಲಾ?" ಎಂದು ಮಗಳು ಕಿವಿಯಲ್ಲಿ ಪಿಸುಗುಟ್ಟಿದಳು. ಮೊದಲ ದಿನದಿಂದ ಅದಕ್ಕೇ ಪೀಡಿಸುತ್ತಿದ್ದಳು. ಏನು ಕೇಳುತ್ತಾಳೆಂದು ಗೊತ್ತಿದ್ದೇ ಪ್ರತಿ ಸಲವೂ ಅವಳ ಬಾಯಿ ಮುಚ್ಚಿಸಿದ್ದೆ.

ಈ ಸಲ ಮುಚ್ಚಿಸಲಿಲ್ಲ.

ಅವರು ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು.

"ಫ್ಯಾನ್ ಅಂಕಲ್, ಏನೂ ಕೆಡದೇ ಇದ್ರೂ ನೀವು ನಮ್ಮನೆಗೆ ಬರ್ತೀರಾ?"