ಮೋಡೆಮ್ ತೆಗೆದಿಟ್ಟ ಹುಡುಗಿ

“ನಗಾಕತ್ತೀರೇನ್ರಿ? ಹೊರಗ ಇಪ್ಪತ್ತು ಮಂದಿ ಪಾಳಿ ಹಚ್ಚಿ ನಿಂತಾರ. ನಿಮಗ ನಗು ಬರಾಕತ್ತೈತಿ?”

ಸಾರಿಕಾಳ ಕಣ್ಣುಗಳು ಕೆಂಪಾಗಿದ್ದವು. ಮೇಜಿನ ಕೆಳಗೆ ಇಣುಕುತ್ತಿದ್ದ ಯುವಕ ತಟ್ಟನೆ ನಗು ನುಂಗಿಕೊಂಡ. ಆದರೂ ತುಟಿಯಂಚಿನಲ್ಲಿ ಅದು ಸ್ವಲ್ಪ ಉಳಿದೇ ಇತ್ತು!

2013ರ ನವೆಂಬರ್. ಉಗಾರ ಖುರ್ದದ ಸ್ಟೇಷನ್ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಆ ರಸ್ತೆಗೆ ಮುಖ ಮಾಡಿದ ಮನೆಯ ಮುಂದಿನ ಕೋಣೆಯಲ್ಲೇ ಸಾರಿಕಾಳ ಕಂಪ್ಯೂಟರ್ ಸೆಂಟರ್. ಸ್ಕಾಲರ್‌ಶಿಪ್, ನೌಕರಿ, ಪಿಂಚಣಿ… ಯಾವ ಅರ್ಜಿಯಾದರೂ ಸುತ್ತಲಿನ ಹಳ್ಳಿಯವರು ಅವಳ ಬಳಿಗೇ ಬರುತ್ತಿದ್ದರು. ಒಂದೇ ಕಂಪ್ಯೂಟರಿನಿಂದ ಶುರುವಾದದ್ದು ಈಗ ನಾಲ್ಕಾಗಿತ್ತು. ನಾಲ್ಕಕ್ಕೂ ಇಂಟರ್ನೆಟ್ ಸಿಗಲೆಂದು ಅವಳು ಮಿರಜಿಗೆ ಹೋಗಿ ಹೊಸ ರೌಟರ್ ತಂದಿದ್ದಳು. ಹಳೆಯ ಮೋಡೆಮ್ ಕಿತ್ತು, ಅದರ ಜಾಗದಲ್ಲಿ ಇದನ್ನು ಇಟ್ಟಿದ್ದಳು.

ಅಂದಿನಿಂದ ಇಂಟರ್ನೆಟ್ ಬಂದ್!

ಎರಡು ದಿನ ಫೋನ್ ಮಾಡಿ ಮಾಡಿ ಸಾಕಾದ ಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದವನು ಈ ಸಂಗ್ರಾಮ. ಮಂಗಸೂಳಿಯವನು. ಗುತ್ತಿಗೆಯ ಮೇಲೆ ಲೈನ್‌ಮನ್ ಕೆಲಸ.

“ಲೈನ್ ಬರೊಬ್ಬರಿ ಐತ್ರಿ ಮೇಡಂ. ಮೋಡೆಮ್ ಎಲ್ಲೈತಿ?”

“ಇದ ಅಲ್ಲೇನ್ರಿ? ಹೊಸಾದು!”

“ಇದು ರೌಟರ್ ರೀ.”

“ಎರಡೂ ಒಂದ ಅಲ್ಲೇನು? ಇದಕ್ಕೂ ದೀಪ ಅದಾವ, ಅದಕ್ಕೂ ದೀಪ ಅದಾವ…”

ಸಂಗ್ರಾಮ ರೌಟರಿನ ಹಿಂದೆ ಚುಚ್ಚಿದ್ದ ಟೆಲಿಫೋನ್ ವೈರನ್ನು ಮೆಲ್ಲಗೆ ಮುಟ್ಟಿದ. ಅಗಲವಾದ ತೂತಿನಿಂದ ಆ ಸಣ್ಣ ಪಿನ್ನು ತಾನಾಗಿಯೇ ಜಾರಿ ಬಂತು.

“ನೋಡ್ರಿ, ಇದು ಅದರೊಳಗ ಕೂಡ್ರೋದ ಇಲ್ಲ. ಫೋನಿನ ತಂತಿಯೊಳಗ ಬರೋದು ಕಂಪ್ಯೂಟರಿಗೆ ತಿಳಿಯಂಗಿಲ್ರಿ. ಅದನ್ನ ತಿಳಿಯುವಂಗ ಮಾಡಿ ಮನಿಯೊಳಗ ತರೋದು ಮೋಡೆಮ್. ಬಂದದ್ದನ್ನ ನಾಕೂ ಕಂಪ್ಯೂಟರಿಗೆ ಹಂಚೋದು ರೌಟರ್. ತರಾವನ್ನ ಹೊರಗ ಹಾಕಿ ಹಂಚಾವನ್ನ ಕೂಡ್ರಿಸೀರಿ. ಏನು ಹಂಚಬೇಕ್ರಿ ಅದು ಪಾಪ?”

ಪಾಳಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

‘ಎಲ್ಲರ ಮುಂದೆ ಮಾನ ಕಳೆದನಲ್ಲ!’ ಸಾರಿಕಾ ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ಹೋದಳು. ಜೋಳದ ಚೀಲದ ಹಿಂದೆ ಬಿದ್ದಿದ್ದ ಮೋಡೆಮ್ ತಂದು ಅವನ ಮುಂದೆ ಕುಕ್ಕಿದಳು.

ಅವನು ಟೆಲಿಫೋನ್ ವೈರನ್ನು ಮೋಡೆಮಿಗೆ ಕೂಡಿಸಿದ. ಮೋಡೆಮಿನಿಂದ ಇನ್ನೊಂದು ವೈರ್ ತಂದು ರೌಟರಿಗೆ ಹಾಕಿದ. ಪಾಸ್‌ವರ್ಡ್ ಇಟ್ಟ. ಹಸಿರು ದೀಪಗಳು ಮಿಣುಕಿದವು… ನಾಲ್ಕೂ ಕಂಪ್ಯೂಟರುಗಳಲ್ಲಿ ಇಂಟರ್ನೆಟ್!

“ಯಾರ್ಯಾರಿಗೆ ಎಷ್ಟೆಷ್ಟು ಹಂಚೇನಿ ಅಂತ ರೌಟರ್ ತನ್ನ ಪೇಜಿನ್ಯಾಗ ಬರದಿಡ್ತೈತಿ. ನೋಡೋದು ಕಲಸ್ಲೇನ್ರಿ?”

“ಆತಾತ್ರಿ, ಈಗ ಪುರಸೊತ್ತಿಲ್ಲ.” ಸಾರಿಕಾ ಮುಖ ತಿರುಗಿಸಿದಳು.

ಆದರೆ ಹೋಗುವಾಗ ಅವನು ಮಾಡಿದ್ದನ್ನು ಅವಳು ನೋಡದೇ ಇರಲಿಲ್ಲ. ಬೆಳಗಿನಿಂದ ಕಟ್ಟೆಯ ಮೇಲೆ ಕುಳಿತಿದ್ದ ಸೋನಾಬಾಯಿ ಮುದುಕಿಯ ಪಕ್ಕ ಕುಳಿತು, ಅವಳ ಪಿಂಚಣಿ ಕಾಗದಗಳನ್ನು ಒಂದೊಂದಾಗಿ ಜೋಡಿಸಿಕೊಟ್ಟಿದ್ದ. “ಆಯಿ, ಇವನ್ನ ಹಿಂಗ ಹಿಡದು ಒಳಗ ಹೋಗು. ಆ ಅಕ್ಕಾರು ಸಿಟ್ಟಿನಾವ್ರು ಕಾಣ್ತಾರ, ಆದ್ರ ಕೆಲಸ ಚಲೋ ಮಾಡ್ತಾರ.”

ಸಿಟ್ಟಿನಾವ್ರು! ಅವಳಿಗೆ ಸಿಟ್ಟೇ ಬರಬೇಕಿತ್ತು. ಯಾಕೋ ನಗು ಬಂತು…

ಆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯ ಮೇಲಿನ ಟೆಲಿಫೋನ್ ವೈರನ್ನು ಎಷ್ಟು ಸಲ ಹರಿದವೋ! ಪ್ರತಿ ಸಲವೂ ಸಂಗ್ರಾಮ ನಿಚ್ಚಣಿಕೆ ಹೊತ್ತು ಬರುತ್ತಿದ್ದ. ಅವಳ ತಾಯಿ ತುಳಸವ್ವ ಚಹಾ ಕೊಡುತ್ತಿದ್ದಳು. ನಿಧಾನವಾಗಿ, ವೈರ್ ಹರಿಯದ ದಿನಗಳಲ್ಲೂ ಅವನ ಬೈಕು ಸೆಂಟರಿನ ಮುಂದೆ ನಿಲ್ಲತೊಡಗಿತು.

“ತಕ್ರಾರ ಏನಾರ ಐತೇನ್ರಿ ಮೇಡಂ?”

“ಇಲ್ರಿ.”

“ಹಂಗಾದ್ರ ಚಲೋ ಆತು,” ಎನ್ನುತ್ತಿದ್ದ. ಅಂದಮೇಲೂ ಅಲ್ಲೇ ನಿಲ್ಲುತ್ತಿದ್ದ.

‘ಇವನು ಬಂದರೆ ನನ್ನ ಕೈ ಯಾಕೆ ಕೀಬೋರ್ಡಿನ ಮೇಲೆ ತಪ್ಪುತ್ತದೆ?’ ಸಾರಿಕಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಜನವರಿ ಬಂತು.

ತಿಂಗಳಿಡೀ ಸಾಲುತ್ತಿದ್ದ ಡೇಟಾ ಹತ್ತನೇ ತಾರೀಖಿಗೇ ಮುಗಿಯಿತು! ಇಂಟರ್ನೆಟ್ ಆಮೆಯಾಯಿತು. ಪೊಲೀಸ್ ಭರ್ತಿಯ ಅರ್ಜಿಗೆ ಅದೇ ಕೊನೆಯ ದಿನ. ಫೋಟೊ ಅಪ್‌ಲೋಡ್ ಆಗಲೇ ಇಲ್ಲ. ಇಬ್ಬರು ಹುಡುಗಿಯರು ಅಳುತ್ತಾ ಅಥಣಿಯ ಬಸ್ಸು ಹತ್ತಿದರು. ಅಲ್ಲಿಯ ಸೆಂಟರೊಂದರಿಂದ ಅವರ ಅರ್ಜಿ ಸಂಜೆಗೆ ಹೇಗೋ ಮುಟ್ಟಿತು. ಸಾರಿಕಾಳಿಗೆ ಮಾತ್ರ ಅವರ ಮುಖ ಮರೆಯಲಾಗಲಿಲ್ಲ.

‘ನನ್ನ ನಂಬಿ ಬಂದವರು… ಯಾರು ಕದ್ದರು?’

ಪಕ್ಕದ ಹೊಲಿಗೆ ಅಂಗಡಿಯ ದ್ರೌಪದಿ ಗುಟ್ಟಾಗಿ ಹೇಳಿದಳು. “ನಿನ್ನ ಲೈನ್‌ಮನ್ ಮೊನ್ನೆ ನಮ್ಮ ಅಂಗಡಿ ಮುಂದ ನಿಂತು ನಿಮ್ಮ ನೆಟ್ ಮೊಬೈಲಿಗೆ ಹಚ್ಚಿ ನೋಡಾಕತ್ತಿದ್ದ. ಪಾಸ್‌ವರ್ಡ್ ಅವಂಗ ಗೊತ್ತೈತಲ್ಲ! ಎಷ್ಟ ಮಂದಿಗೆ ಕೊಟ್ಟಾನೊ…”

ಅದಕ್ಕೇ ಬರುತ್ತಿದ್ದನೇ? ನನಗಾಗಿ ಅಲ್ಲವೇ? ಆ ನೋವಿನಲ್ಲೇ ಸಾರಿಕಾ ಕುಳಿತು ಅವನ ಮೇಲೆ ದೂರು ಬರೆದು ಅಥಣಿಯ ಟೆಲಿಫೋನ್ ಕಚೇರಿಗೆ ಕಳಿಸಿಬಿಟ್ಟಳು. ಪಾಸ್‌ವರ್ಡ್ ಬದಲಿಸಿ, ತಾನೇ ಮರೆಯದಿರಲೆಂದು ಚೀಟಿ ಬರೆದು ರೌಟರಿನ ಪಕ್ಕ ಗೋಡೆಗೆ ಅಂಟಿಸಿದಳು.

ಮೂರನೇ ದಿನ ಸಂಗ್ರಾಮ ಬಂದ. ಬಾಗಿಲಲ್ಲೇ ನಿಂತ.

“ನನ್ನ ಮ್ಯಾಲ ತಕ್ರಾರ ಬರದೀರಂತ?”

“ಬರದೀನಿ.”

“ಆವತ್ತು ನಿಮ್ಮ ವೈಫೈ ಎಲ್ಲಿ ತನಕ ಹೋಗ್ತೈತಿ ಅಂತ ನೋಡಾಕತ್ತಿದ್ನಿ. ಹೊರಗಿನಾವ್ರು ಯಾರೂ ಹಚ್ಗೋಬಾರದು ಅಂತ… ಕದ್ದಿಲ್ರಿ ನಾನು.”

ಅವಳು ಕೀಬೋರ್ಡ್ ಕುಟ್ಟುತ್ತಲೇ ಇದ್ದಳು.

“ನನಗ ಒಂದ ಮಾತ ಕೇಳಿದ್ರ ಆಗ್ತಿತ್ತು ಮೇಡಂ,” ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. “ನನ್ನ ಬದಲಿ ಮಾಡಿ ಕೊಗನೊಳ್ಳಿಗೆ ಹಾಕ್ಯಾರ. ಬರ್ತೀನಿ.”

ಬೈಕಿನ ಸದ್ದು ದೂರವಾಯಿತು…

ಅವನ ಜಾಗಕ್ಕೆ ಕಾಡಸಿದ್ದ ಎಂಬ ವಯಸ್ಸಾದ ಲೈನ್‌ಮನ್ ಬಂದ. ಫೆಬ್ರುವರಿಯಲ್ಲಿ ಎಂಟನೇ ತಾರೀಖಿಗೇ ಡೇಟಾ ಮುಗಿಯಿತು!

ಸಾರಿಕಾ ಕಾಡಸಿದ್ದನನ್ನು ಕರೆಸಿದಳು. ಪಾಸ್‌ವರ್ಡ್ ಹೊಸದು. ಸಂಗ್ರಾಮ ಊರಲ್ಲೇ ಇಲ್ಲ. ಹಾಗಾದರೆ?

“ಕಾಕಾ, ಯಾರು ತಗೊಳ್ಳಾಕತ್ತಾರ ಅಂತ ನಿಮ್ಮ ಎಕ್ಸ್‌ಚೇಂಜಿನ್ಯಾಗ ಕಾಣಂಗಿಲ್ಲೇನ್ರಿ?”

“ಮೋಡೆಮ್ ತನಕ ಎಷ್ಟು ಬಂತು ಅನ್ನೋದಷ್ಟ ನಮಗ ಕಾಣ್ತೈತವ್ವಾ. ಅಲ್ಲಿಂದ ಒಳಗ ಯಾರು ಎಷ್ಟು ತಗೊಂಡ್ರು ಅನ್ನೋದು ರೌಟರಿಗೇ ಗೊತ್ತು.”

ತರುವುದು ಮೋಡೆಮ್, ಹಂಚುವುದು ರೌಟರ್. ಅಂದು ಅವನು ಹೇಳಿದ್ದ. ಎಲ್ಲರೂ ನಕ್ಕದ್ದು ಮಾತ್ರ ಅವಳಿಗೆ ನೆನಪಿತ್ತು, ಅವನ ಮಾತಿನ ಅರ್ಥ ಈಗ ತಲೆಗೆ ಹೋಯಿತು!

ಮಧ್ಯಾಹ್ನ ಮಂದಿ ಇಲ್ಲದ ಹೊತ್ತಿನಲ್ಲಿ, ಜೊತೆಗೆ ಬಂದ ಕೈಪಿಡಿ ನೋಡಿ ನೋಡಿ ರೌಟರಿನ ಪೇಜು ತೆರೆದಳು. ಸಾಲಾಗಿ ಹೆಸರುಗಳು. ನಾಲ್ಕು ಕಂಪ್ಯೂಟರ್… ಐದನೆಯದು ಒಂದು ಮೊಬೈಲ್! ನಾಲ್ಕೂ ಕಂಪ್ಯೂಟರ್ ಸೇರಿ ತಿಂದದ್ದಕ್ಕಿಂತ ಮೂರು ಪಟ್ಟು ಅದೊಂದೇ ತಿಂದಿತ್ತು. ಈಗಲೂ, ಆಮೆ ವೇಗದಲ್ಲೇ, ತಿನ್ನುತ್ತಿತ್ತು.

ಸಾರಿಕಾ ಆ ಮೊಬೈಲಿಗೆ ಇಂಟರ್ನೆಟ್ ಬಂದ್ ಮಾಡಿದಳು.

ಹಿಂದಿನ ಕೋಣೆಯಿಂದ ಕೂಗು ಕೇಳಿತು. “ಅಯ್ಯಯ್ಯ! ಕುಸ್ತಿ ಪೂರಾ ನಿಂತ ಬಿಡ್ತಲ್ಲೋ!”

ಅವಳ ಅಪ್ಪ ಲಗಮಪ್ಪ! ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲಿದ್ದವನು. ಸೆಂಟರಿನಲ್ಲಿ ಸಾರಿಕಾಳಿಗೆ ನೆರವಾಗುತ್ತಿದ್ದ ಅವಳ ತಂಗಿ ಸಪನಾಳ ಹಳೆಯ ಫೋನ್ ಹಿಡಿದು, ಹೊಸ ವರ್ಷದಿಂದ ದಿನವೂ ಕುಸ್ತಿಯ ವಿಡಿಯೊ ನೋಡುತ್ತಿದ್ದ.

“ಅಪ್ಪಾ! ಪಾಸ್‌ವರ್ಡ್ ಯಾರು ಕೊಟ್ಟರು?”

“ಮೊದಲ ಸಪನಾ ಹಾಕಿಕೊಟ್ಟಿದ್ಲು. ಆಮ್ಯಾಲ ನೀನ ಗೋಡಿಗೆ ಚೀಟಿ ಹಚ್ಚೀದಿ, ಮನಿಮಂದಿಗೇ ಹಚ್ಚ್ಯಾಳ ಅಂತ ತಿಳಕೊಂಡ್ನಿ… ಗಾಳಿಯೊಳಗ ಬರೂದಕ್ಕ ಲೆಕ್ಕ ಐತಿ ಅಂತ ನನಗೇನ ಗೊತ್ತವ್ವಾ?”

ಸಾರಿಕಾ ನೆಲದ ಮೇಲೆ ಕುಳಿತು ಅಳತೊಡಗಿದಳು. ಲಗಮಪ್ಪನಿಗೆ ದಿಕ್ಕು ತಿಳಿಯಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಫೋನನ್ನು ಪಕ್ಕಕ್ಕಿಟ್ಟ.

“ಚೂಕ ನಂದು, ಶಿಕ್ಷೆ ಆ ಹುಡುಗಗ. ನಡಿ, ಇಬ್ಬರೂ ಹೋಗೂನು.”

ಮರುದಿನ ಅಥಣಿಯ ಕಚೇರಿಯಲ್ಲಿ, ಸಂಗ್ರಾಮನ ಮೇಲಧಿಕಾರಿ ಧನಪಾಲ ಸಾಹೇಬರ ಮುಂದೆ ನಿಂತು ಸಾರಿಕಾ ಇನ್ನೊಂದು ಕಾಗದ ಬರೆದಳು. ತಪ್ಪು ನನ್ನ ಮನೆಯದು, ಸಂಗ್ರಾಮ ನಿರ್ದೋಷಿ ಎಂದು. ಸಿಬ್ಬಂದಿಯೆಲ್ಲ ಕೇಳುವಂತೆ ಅದನ್ನು ಓದಿಯೂ ಹೇಳಿದಳು. ಕೊನೆಯ ಸಾಲಿನವರೆಗೂ ಓದಿದಳು.

ಸಾಹೇಬರು ಮೆತ್ತಗೆ ಹೇಳಿದರು. “ಅವನ ಹೆಸರು ಸ್ವಚ್ಛ ಆತವ್ವಾ. ವಾಪಸ್ ಕರಸಬಹುದು. ಆದ್ರ ಅವಂಗ ಕೊಗನೊಳ್ಳಿಯೊಳಗ ದೊಡ್ಡ ಕೇಬಲ್ ಕೆಲಸ ಸಿಕ್ಕೈತಿ. ಬರ್ತಾನೊ ಇಲ್ಲೊ ನೀವ ಕೇಳ್ರಿ.”

ಚಿಕ್ಕೋಡಿ, ನಿಪ್ಪಾಣಿ ದಾಟಿ ಬಸ್ಸು ಕೊಗನೊಳ್ಳಿಯಲ್ಲಿ ನಿಂತಾಗ ಬಿಸಿಲು ಇಳಿಯುತ್ತಿತ್ತು. ಹೆದ್ದಾರಿಯ ಪಕ್ಕ, ಅಗೆದ ಗುಂಡಿಯೊಳಗೆ ನಿಂತು ಸಂಗ್ರಾಮ ಕೇಬಲ್ ಜೋಡಿಸುತ್ತಿದ್ದ. ಅವಳನ್ನು ಕಂಡವನೇ ಕೈಯ ಕೆಲಸ ಮರೆತ.

ಲಗಮಪ್ಪನೇ ಮುಂದೆ ಹೋಗಿ ಕೈ ಮುಗಿದ. “ತಮ್ಮಾ, ಆ ಡೇಟಾ ಕಳ್ಳ ನಾನ.”

ಸಂಗ್ರಾಮ ಗುಂಡಿಯಿಂದ ಹಾರಿ ಬಂದು ಅವನ ಕೈ ಹಿಡಿದುಕೊಂಡ. “ಹಂಗೆಲ್ಲ ಅನಬ್ಯಾಡ್ರಿ ಕಾಕಾ!”

ಲಗಮಪ್ಪ ಇಬ್ಬರ ಮುಖ ನೋಡಿದ. ಏನೋ ಹೊಳೆದವನಂತೆ, “ನಾನು ಆ ಹೊಟೇಲಿನ್ಯಾಗ ಕುಂತಿರ್ತೀನಿ,” ಎಂದು ನಡೆದುಬಿಟ್ಟ.

ಸಾರಿಕಾ ಒಂದು ಹೆಜ್ಜೆ ಮುಂದೆ ಬಂದಳು.

“ನಿಮಗ ಕೇಳಬೇಕಾಗಿತ್ತು… ಕೇಳಲಿಲ್ಲ. ನೀವು ನನ್ನ ಸಲುವಾಗಿ ಬರ್ತಿರಲಿಲ್ಲ ಅಂತ ಅನಿಸಿ ಜೀವ ಉರೀತು. ಆ ಸಿಟ್ಟಿನ್ಯಾಗ ಬರದ್ನಿ. ಮಾಫ್ ಮಾಡ್ರಿ.”

ಸಂಗ್ರಾಮ ಅಂದ. “ಮತ್ತ ಯಾರ ಸಲುವಾಗಿ ಬರ್ತಿದ್ನಿ ಅನ್ಕೊಂಡ್ರಿ? ವೈರ್ ಹರೀಲಿ ಅಂತ ಟ್ರ್ಯಾಕ್ಟರ್ ಕಡೆ ನೋಡ್ಕೋತ ನಿಲ್ತಿದ್ನಿ ನಾನು!”

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು. ಸುತ್ತ ನೋಡಿದಳು.

“ಇಲ್ಲಿ ಅರ್ಜಿ ತುಂಬಾಕ ಮಂದಿ ಎಲ್ಲಿ ಹೋಗ್ತಾರ್ರಿ?”

“ನಿಪ್ಪಾಣಿಗೆ. ಯಾಕ್ರಿ?”

“ಇಲ್ಲೊಂದು ಸೆಂಟರ್ ತೆಗದ್ರ ನಡೀತೈತೇನು?”

“ಭಾಳ ಚಲೋ ನಡೀತೈತಿ. ಆದ್ರ ನಡಸಾವ್ರು ಯಾರು?”

ಅವಳು ಅವನನ್ನೇ ನೋಡಿದಳು. ಅವನಿಗೆ ಮೆಲ್ಲಗೆ ಅರ್ಥವಾಯಿತು…

“ಮತ್ತ… ನಿಮ್ಮ ಉಗಾರದ್ದು?”

“ಸಪನಾ ಎಲ್ಲಾ ಕಲತಾಳ.”

“ಉಗಾರದಾಕಿ ಇಲ್ಲಿಗ್ಯಾಕ ಬಂದಾಳ ಅಂತ ಮಂದಿ ಕೇಳ್ತಾರಲ್ಲ?”

“ನೀವ ಹೇಳ್ರಿ. ನನಗ ನಾಚಿಕಿ ಬರ್ತೈತಿ.”

“ನನ್ನ ಹೇಣ್ತಿ ಅಂತ ಹೇಳ್ತೀನಿ. ನಡೀತೈತೇನು… ಸಾರಿಕಾ?”

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು! ಅವಳು ಹೌದೆಂದು ತಲೆಯಾಡಿಸಿದಳು.

“ಆದ್ರ ಅಪ್ಪನ್ನ ಕೇಳ್ರಿ. ಈಗ ಕೇಳ್ರಿ, ಭಜಿ ತಿನ್ಕೋತ ಖುಷಿಯೊಳಗ ಅದಾನ!”

“ಕೈ ಎಲ್ಲಾ ಮಣ್ಣಾಗ್ಯಾವ…”

ಅವಳು ಚೀಲದಿಂದ ನೀರಿನ ಬಾಟಲಿ ತೆಗೆದಳು. ಅವನು ಕೈ ಚಾಚಿದ. ಅವಳು ನಿಧಾನವಾಗಿ ನೀರು ಹಾಕತೊಡಗಿದಳು.

“ಸಾಕೇನು?”

“ಇನ್ನೊಂದೀಟು.”

ಅವನ ಕೈಗಳು ಆಗಲೇ ಸ್ವಚ್ಛವಾಗಿದ್ದವು. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಇನ್ನೊಂದೀಟು ಹಾಕಿದಳು.