ಅವಳು ಅತ್ತಿದ್ದು ನಾಯಕರಿಗಲ್ಲ

"ಮೇಡಂ, ಸಿನಿಮಾ ಹೇಗಿತ್ತು?"

ಚಿತ್ರಮಂದಿರದ ಬಾಗಿಲು ದಾಟಿ ಬಿಸಿಲಿಗೆ ಕಾಲಿಟ್ಟಿದ್ದಳಷ್ಟೇ, ಬಾಯಿಗೆ ತಗಲುವಷ್ಟು ಹತ್ತಿರಕ್ಕೆ ಮೈಕು ಬಂದಿತು. ಪುಟ್ಟಿಯ ಕಣ್ಣು ಇನ್ನೂ ಒದ್ದೆಯಾಗಿತ್ತು. ಮೈಕು ಹಿಡಿದವನಿಗೆ ಬೇಕಾಗಿದ್ದೂ ಅದೇ! ಜನರ ಅಭಿಪ್ರಾಯ ಕೇಳುವ ಚಾನೆಲ್‌ಗಳಿಗೆ ಅಳುವ ಮುಖವೊಂದು ಸಿಕ್ಕರೆ ಸಾಕು, ಆ ದಿನದ ಹೊಟ್ಟೆ ತುಂಬಿದ ಹಾಗೆ.

ಸಿನಿಮಾ ತೀರಿಹೋದ ನಾಯಕರೊಬ್ಬರ ಜೀವನದ್ದು. ಒಳಗೆ ಜನ ಶಿಳ್ಳೆ ಹೊಡೆದೂ ಹೊಡೆದೂ ಸುಸ್ತಾಗಿದ್ದರು. ಅದರಲ್ಲೂ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸುವ ಆ ದೃಶ್ಯ... ಕಾಲು ಮುರಿದು ಬಿದ್ದ ಕಾರ್ಯಕರ್ತನನ್ನು ನಾಯಕರು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡುತ್ತಾರೆ. ಇಡೀ ಚಿತ್ರಮಂದಿರ ಎದ್ದು ನಿಂತು ಚಪ್ಪಾಳೆ ಹೊಡೆದಿತ್ತು.

ಪುಟ್ಟಿ ಮಾತ್ರ ಕೂತಲ್ಲೇ ಅತ್ತಿದ್ದಳು.

"ಅಪ್ಪನ ನೆನಪಾಯ್ತು" ಎಂದಳು ಮೈಕಿಗೆ. ಸಾವರಿಸಿಕೊಂಡು ಮುಂದುವರಿಸಿದಳು. "ಆ ಕಾಲು ಮುರಿದವರು ನಮ್ಮಪ್ಪ. ಅವರನ್ನ ಯಾರೂ ಹೊತ್ಕೊಂಡು ಹೋಗ್ಲಿಲ್ಲ. ತೆವಳಿಕೊಂಡು ಹೋಗಿ ಕಾರಿನ ಗಾಜು ತಟ್ಟಿದ್ರು. ನಾಯಕರು ನೋಡಿದ್ರು, ಓಟು ಕೇಳುವಾಗ ಮಾಡೋ ಹಾಗೆ ಕೈ ಮುಗಿದ್ರು, ಗಾಜು ಏರಿಸ್ಕೊಂಡು ಹೋಗ್ಬಿಟ್ರು."

ಅಷ್ಟು ಹೊತ್ತೂ ಬರೀ ಅವಳ ಕಣ್ಣೀರು ನೋಡುತ್ತಿದ್ದವನು ಈಗ ಅವಳ ಮುಖ ನೋಡಿದ.

"ಇದನ್ನ ಪೂರ್ತಿ ಹಾಕ್ತೀರಾ?"

"ಹಾಕ್ತೀನಿ" ಎಂದ.

ಪುಟ್ಟಿಯ ಅಪ್ಪ ಒಂದು ಕಾಲದಲ್ಲಿ ಆ ಪಕ್ಷಕ್ಕೆ ಗೋಡೆ ಬರೆಯುತ್ತಿದ್ದವರು. ಊರಿನ ಗೋಡೆಗಳ ಮೇಲೆಲ್ಲ ನಾಯಕರ ಹೆಸರು ಬರೆದ ಕೈ ಅದು. ಕಾಲು ಹೋದ ಮೇಲೆ ನಡೆದದ್ದನ್ನು ನಾಲ್ಕು ಜನರಿಗೆ ಹೇಳಲು ನೋಡಿದರು. ಅಷ್ಟು ದೊಡ್ಡ ಮನುಷ್ಯ ಹಾಗೆಲ್ಲ ಬಿಟ್ಟುಹೋಗುತ್ತಾರೆಯೇ ಎಂದು ಸ್ವಂತ ತಮ್ಮನೇ ನಕ್ಕುಬಿಟ್ಟ. ಅಂದಿನಿಂದ ಅವರು ಬಾಯಿ ಹೊಲಿದುಕೊಂಡರು. ಆ ಕೈ ಮುಗಿದ ವಿಷಯವನ್ನಂತೂ ಮಗಳೊಬ್ಬಳಿಗೆ ಬಿಟ್ಟು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದನ್ನು ಮರುಮಾತಿಲ್ಲದೆ ನಂಬಿದ ಜೀವ ಅದೊಂದೇ.

ಪುಟ್ಟಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕೆಲಸದ ಜಾಗವನ್ನು ಅವತ್ತೇ ಕೇಳಿಕೊಂಡಿದ್ದ ಮೈಕಿನವನು ಮರುದಿನವೇ ಅಲ್ಲಿಗೆ ಬಂದ. ಅವನ ಕನ್ನಡಕದ ಸ್ಕ್ರೂ ಸಡಿಲವಾಗಿತ್ತಂತೆ. ಬಿಗಿ ಮಾಡಿ ಕೊಟ್ಟಳು. ಎರಡು ದಿನ ಬಿಟ್ಟು ಮತ್ತೆ ಸಡಿಲ! ಅಲ್ಲ, ನೀವೇ ಹೇಳಿ, ಯಾವ ಕನ್ನಡಕ ವಾರಕ್ಕೆ ಮೂರು ಸಲ ಸಡಿಲವಾಗುತ್ತದೆ? ತಾನೇ ಉಗುರಿನಲ್ಲಿ ತಿರುವಿಕೊಂಡು ಬರುತ್ತಾನೆಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನಿದ್ದಳು. ಅವನು ಬಾರದ ದಿನ ಗಾಜಿನ ಬಾಗಿಲನ್ನೇ ನೋಡುತ್ತ ತಪ್ಪು ಫ್ರೇಮಿಗೆ ಲೆನ್ಸ್ ಕೂರಿಸಿ ಬೈಸಿಕೊಂಡಿದ್ದೂ ಉಂಟು.

ತನ್ನ ಮಾತು ಯಾವಾಗ ಬರುತ್ತದೆ ಎಂದು ಕೇಳಿದಾಗಲೆಲ್ಲ ಅವನು ಬೇರೆ ಮಾತು ತೆಗೆಯುತ್ತಿದ್ದ. 'ಇವನಿಗೇನೋ ಸಂಕೋಚ' ಅಂದುಕೊಂಡಳು, ಪಾಪ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ಫೋನು ಮುಂದೆ ಹಿಡಿದು, ಇದು ನೀವೇ ಅಲ್ವಾ ಎಂದರು.

ಸಿನಿಮಾದ ಹೊಸ ಜಾಹೀರಾತು. ಅವಳ ಅಳುವ ಮುಖ. "ಅಪ್ಪನ ನೆನಪಾಯ್ತು" ಎಂಬ ಒಂದೇ ಮಾತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಈ ಮಗಳ ಪಾಲಿಗೆ ನಾಯಕರೇ ತಂದೆ!'

ರಜೆ ಕೇಳದೆ ಮನೆಗೆ ಓಡಿದಳು. ಅಷ್ಟರಲ್ಲಿ ಚಿಕ್ಕಪ್ಪ ಅದನ್ನು ಅಪ್ಪನಿಗೆ ಕಳಿಸಿ, ನಗುವ ಗೊಂಬೆಯೊಂದನ್ನೂ ಅಂಟಿಸಿದ್ದ. ಮುಂದಿನ ಮಾತನ್ನು ಕತ್ತರಿಸಿದ್ದಾರೆ ಎಂದು ಅವಳು ಬಡಬಡಿಸಿದಳು. ಅಪ್ಪ ಗೋಡೆಯ ಕಡೆ ತಿರುಗಿ ಕೂತರು.

ಅಂದಿನಿಂದ ಮಗಳ ಜೊತೆ ಮಾತು ಬಂದ್. ಏನಿದ್ದರೂ ಅಮ್ಮನ ಮೂಲಕ.

"ಫ್ಯಾನು ಆರಿಸೋಕೆ ಹೇಳು ಅವಳಿಗೆ."

"ನಾನೇನು ಪೋಸ್ಟ್‌ಮ್ಯಾನಾ? ಪಕ್ಕದಲ್ಲೇ ಕೂತಿದಾಳೆ, ನೀವೇ ಹೇಳಿ" ಎಂದು ಅಮ್ಮ ಸಿಡುಕಿದರೂ ಅಪ್ಪ ತುಟಿ ಬಿಚ್ಚಲಿಲ್ಲ. ಮಗಳು ಬಡಿಸಿದರೆ ತಟ್ಟೆ ಸರಿಸಿ ಏಳುತ್ತಿದ್ದರು. ನಿಜ ಹೇಳಿದರೂ ಎದುರಿನವರು ನಂಬದಿದ್ದರೆ ಹೇಗಿರುತ್ತದೆ ಎಂದು ಪುಟ್ಟಿಗೆ ಈಗ ತಿಳಿಯಿತು. ಅಪ್ಪ ಇದನ್ನು ಇಷ್ಟು ವರ್ಷ ಹೇಗೆ ನುಂಗಿಕೊಂಡರೋ...

ಮೈಕಿನವನು ಮತ್ತೆ ಅಂಗಡಿಗೆ ಬಂದ. ಈ ಸಲ ಸ್ಕ್ರೂ ಬಿಗಿಯಾಗಿಯೇ ಇತ್ತು.

"ಎಷ್ಟಕ್ಕೆ ಮಾರಿದ್ರಿ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ತಾನು ಮಾರಿಲ್ಲ, ಚಾನೆಲ್ ಮಾಲೀಕರು ಸಿನಿಮಾದವರಿಗೆ ಕೊಟ್ಟಿದ್ದು ತನಗೂ ಗೊತ್ತಿರಲಿಲ್ಲ ಎಂದ. ತಲೆ ತಗ್ಗಿಸಿದ. ಆಮೇಲೆ ಹೇಳಬೇಕಾದದ್ದನ್ನು ಹೇಳಿದ.

"ಆದ್ರೆ ಕತ್ತರಿಸಿದ್ದು ನಾನೇ. ಅವತ್ತೇ ಅಳಿಸಿಹಾಕ್ದೆ."

ಸಿನಿಮಾ ಚೆನ್ನಾಗಿಲ್ಲ ಎಂದು ಮೈಕಿನಲ್ಲಿ ಹೇಳಿದವನೊಬ್ಬನನ್ನು ನಾಯಕರ ಅಭಿಮಾನಿಗಳು ಅವತ್ತೇ ಸಂಜೆ ಮನೆವರೆಗೆ ಹುಡುಕಿಕೊಂಡು ಹೋಗಿ ತಲೆ ಒಡೆದಿದ್ದರಂತೆ. ಆ ಹುಡುಗನ ಬಾಯಿಗೆ ಮೈಕು ಹಿಡಿದವನೂ ಇವನೇ. ಪುಟ್ಟಿಗೂ ಹಾಗಾದರೆ ಎಂದು ಎದೆ ಒಡೆದುಹೋಯಿತಂತೆ. ಉಳಿದ ತುಂಡು ಇಂಥ ಕೆಲಸಕ್ಕೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಹೆದರಿದ್ದು ನೀವು" ಎಂದಳು ಪುಟ್ಟಿ. "ಮಾತು ನಂದು. ನನ್ನ ಒಂದು ಮಾತು ಕೇಳಬೇಕು ಅಂತ ಅನ್ನಿಸ್ಲಿಲ್ವಾ? ಇಷ್ಟು ದಿನ ಇಲ್ಲಿ ಬಂದು ನಗಾಡ್ತಾ ಕೂತಿದ್ರಲ್ಲ... ನಾಯಕರು ನಮ್ಮಪ್ಪಂಗೆ ಗಾಜು ಏರಿಸಿದ್ರು. ನೀವು ನಂಗೆ ಏರಿಸಿದ್ರಿ."

ಅವನು ಹೊರಟುಹೋದ. ಅವನು ಹೋದ ಮೇಲೆ ಅವಳು ಕನ್ನಡಿಗಳ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಕೋಪ ಎಷ್ಟಿತ್ತೋ ಅವನ ಮೇಲಿನ ಪ್ರೀತಿಯೂ ಅಷ್ಟೇ ಇತ್ತು, ಅದೇ ಸಂಕಟ.

ಭಾನುವಾರ ಬಾಗಿಲು ತಟ್ಟಿದ ಸದ್ದಿಗೆ ಅಮ್ಮ ಹೋಗಿ ನೋಡಿದರೆ, ಅವನೇ! ಪುಟ್ಟಿಯ ಕಡೆ ನೋಡದೆ ನೇರ ಅಪ್ಪನೆದುರು ನಿಂತ. ಮಾಲೀಕರೊಡನೆ ಜಗಳವಾಡಿ ಕೆಲಸ ಬಿಟ್ಟಿದ್ದ. ಮಾಡಿದ ತಪ್ಪನ್ನು ಒಂದೂ ಬಿಡದೆ ಒಪ್ಪಿಕೊಂಡ. ಆದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

"ಅವಳು ಏನಂದ್ಲು?" ಅಪ್ಪ ಕೇಳಿದರು. "ಅಂದಿದ್ದನ್ನ ಅಂದ ಹಾಗೇ ಹೇಳು."

ಅವನು ಹೇಳಿದ. ತೆವಳಿದ್ದು, ತಟ್ಟಿದ್ದು, ನಾಯಕರು ಕೈ ಮುಗಿದದ್ದು...

"ಕೈ ಮುಗಿದಿದ್ದೂ ಹೇಳಿದ್ಲಾ?"

"ಹೇಳಿದ್ರು. ಓಟು ಕೇಳುವಾಗ ಮಾಡೋ ಹಾಗೆ ಅಂದ್ರು."

ಪುಟ್ಟಿಯೊಬ್ಬಳಿಗೇ ಹೇಳಿದ್ದ ಮಾತು ಅದು. ಅವಳು ಹೇಳದೆ ಈ ಹುಡುಗನ ಬಾಯಿಗೆ ಬರುವಂತೆಯೇ ಇರಲಿಲ್ಲ. ಅಪ್ಪ ತಡಬಡಿಸಿ ಎದ್ದು ಅಂಗಿ ಹಾಕಿಕೊಂಡರು. ಆ ಸಿನಿಮಾ ತೋರಿಸು ಎಂದರು.

ಅಪ್ಪ, ಮಗಳು, ಅವನು, ಮೂವರೂ ಹೋದರು. ಹೆಗಲ ಮೇಲೆ ಹೊತ್ತು ಓಡುವ ದೃಶ್ಯ ಬಂದಾಗ ಜನ ಎಂದಿನಂತೆ ಎದ್ದು ನಿಂತರು. ಅಪ್ಪ ತಮ್ಮ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಪುಟ್ಟಿ ಅವರ ಕೈ ಮೇಲೆ ಕೈ ಇಟ್ಟಳು. ಅವರು ಸರಿಸಲಿಲ್ಲ.

ಹೊರಗೆ ಬಂದಾಗ ಅಪ್ಪ ಕೇಳಿದರು, ಎಲ್ಲಿ ನಿನ್ನ ಮೈಕು?

ಈಗ ಫೋನು ಮಾತ್ರ ಇದೆ, ಲೈವ್ ಹಾಕಿದರೆ ಯಾರೂ ಕತ್ತರಿಸಲಾಗದು ಎಂದ. ಜನ ಮನೆವರೆಗೂ ಬಂದಾರು, ಕಲ್ಲು ತೂರಿಯಾರು ಎಂಬುದನ್ನೂ ಮುಚ್ಚಿಡಲಿಲ್ಲ. ನಂತರ ಪುಟ್ಟಿಯ ಕಡೆ ತಿರುಗಿದ.

"ನೀವು ಹೇಳಿ. ಹಾಕ್ಲಾ, ಬೇಡ್ವಾ?"

ಪುಟ್ಟಿ ಅಪ್ಪನನ್ನು ನೋಡಿದಳು. ಅಪ್ಪ ತಲೆಯಾಡಿಸಿದರು.

"ಹಾಕಿ" ಎಂದಳು.

ಅಪ್ಪ ಫೋನನ್ನು ನೇರವಾಗಿ ನೋಡಿದರು. "ನಟ ಚೆನ್ನಾಗಿ ಮಾಡಿದಾನೆ. ಆದ್ರೆ ಆ ಮುರಿದ ಕಾಲು ನಂದು. ನನ್ನ ಯಾರೂ ಹೊರಲಿಲ್ಲ, ರಸ್ತೆ ಮೇಲೆ ಬಿಟ್ಟುಹೋದ್ರು. ಈ ಸಿನಿಮಾ ನೋಡಿ ನನ್ನ ಮಗಳು ಅತ್ಲಲ್ಲ, ಅದು ಅವರಿಗಲ್ಲ. ನಂಗೆ." ಆಮೇಲೆ ಎಷ್ಟೋ ದಿನಗಳ ನಂತರ ಮಗಳ ಮುಖ ನೋಡಿದರು. "ಪುಟ್ಟಿ, ನಾನು ನಿನ್ನ ನಂಬಬೇಕಿತ್ತಮ್ಮ."

ಅವಳು ಅಪ್ಪನನ್ನು ತಬ್ಬಿಕೊಂಡಳು.

ಆಟೋದಲ್ಲಿ ಅಪ್ಪನನ್ನು ಕೂರಿಸಿ ತಿರುಗಿದಾಗ, ಅವನು ಇನ್ನೂ ಅಲ್ಲೇ ನಿಂತಿದ್ದ. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಬೈಗುಳ ಆಗಲೇ ಶುರುವಾಗಿತ್ತು.

"ಹೆದರಿಕೆ ಆಗ್ತಿದೆಯಾ?" ಅವಳು ಕೇಳಿದಳು.

"ತುಂಬಾ... ನೀವಂದ್ರೆ ನಂಗೆ ಪ್ರಾಣ. ಏನ್ ಮಾಡ್ಲಿ?"

ಪುಟ್ಟಿ ಅವನ ಕೈ ಹಿಡಿದುಕೊಂಡಳು.

"ನಂಗೂ ಹೆದರಿಕೆ ಇದೆ. ನೀವಂದ್ರೆ ಪ್ರಾಣಾನೂ ಹೌದು. ಆದ್ರೆ ಇನ್ಮೇಲೆ ನನ್ನ ಕೇಳದೆ ನನಗೋಸ್ಕರ ಹೆದರಬಾರ್ದು."

"ಇಲ್ಲ" ಎಂದ. "ಕೇಳ್ಕೊಂಡೇ ಹೆದರ್ತೀನಿ."