ಒಂದೇ ಏಟಿಗೆ ಕೂತ ಕಾಲರ್

ನರ್ಸಮ್ಮನ ಹಳೇ ಕಾರಿನ ಎಡಗಡೆಯ ಹಿಂದಿನ ಚಕ್ರ ಆಕ್ಸಲ್ ಸಮೇತ ಹೊರಗೆ ಜಾರಿ, ರಸ್ತೆ ದಾಟಿ, ಕ್ಷೌರದಂಗಡಿಯ ಮೆಟ್ಟಿಲಿಗೆ ಒರಗಿ ಬಿದ್ದಿತ್ತು. ಪುಣ್ಯಕ್ಕೆ ಕಾರು ನಿಧಾನವಾಗಿ ಹೋಗುತ್ತಿತ್ತು. ನರ್ಸಮ್ಮನ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಎರಡೂ ಕಡೆಯ ಬೇರಿಂಗು ಬದಲಾಯಿಸಿಕೊಂಡು ಆ ಕಾರು ಮೇಸ್ತ್ರಿಯ ಗ್ಯಾರೇಜಿನಿಂದ ಹೊರಟು ಹತ್ತು ದಿನವೂ ಆಗಿರಲಿಲ್ಲ.

ಸುದ್ದಿ ಕೇಳಿ ಬಿಡಿಭಾಗಗಳ ಅಂಗಡಿಯ ದಪ್ಪಣ್ಣ ಕೂತಲ್ಲಿಂದ ದಡಕ್ಕನೆ ಎದ್ದ. ಬೇರಿಂಗನ್ನು ಆಕ್ಸಲ್ ಮೇಲೆ ಹಿಡಿದಿಡುವುದು ಕಾಲರ್ ಎಂಬ ಉಕ್ಕಿನ ಬಳೆ. ಅದಕ್ಕೆ ಬೋಲ್ಟು ಗೀಲ್ಟು ಏನೂ ಇಲ್ಲ, ಬರೀ ಬಿಗಿಯಿಂದಲೇ ನಿಲ್ಲಬೇಕು. ಅದೇ ಜಾರಿತ್ತು, ಅದನ್ನು ಮಾರಿದವನು ದಪ್ಪಣ್ಣ. "ಕಾಲರ್ರೇ ಡೂಪ್ಲಿಕೇಟು" ಎಂದರು ಕೆಲವರು. ಉಳಿದವರು ಮೇಸ್ತ್ರಿಯ ಕೈಯ ಮಾತೆತ್ತಿದರು. ಹೋದ ವರ್ಷ ಲಕ್ವ ಹೊಡೆದು, ಸುತ್ತಿಗೆ ಹಿಡಿಯುವ ಕೈ ಅರ್ಧ ಸೊರಗಿತ್ತು. ಮೇಸ್ತ್ರಿ ಯಾರ ಜೊತೆಗೂ ವಾದಕ್ಕಿಳಿಯಲಿಲ್ಲ. "ಇನ್ನು ಈ ಕೈಯಲ್ಲಿ ಸ್ಪ್ಯಾನರ್ ಹಿಡಿಯಲ್ಲ" ಎಂದವನೇ ಶಟರ್ ಎಳೆದು ಒಳಗೆ ಕೂತುಬಿಟ್ಟ.

ದಪ್ಪಣ್ಣ ಸೀದಾ ಸೂಜಿಯಕ್ಕನ ಹತ್ತಿರ ಓಡಿದ. ಗ್ಯಾರೇಜಿನ ಪಕ್ಕದಲ್ಲಿ ಕಾರಿನ ಸೀಟು ಹೊಲಿಯುವ ಆಕೆ ಆ ಬೀದಿಯ ನಾಲ್ಕಾರು ಕಳ್ಳತನ, ಒಂದು ಸುಳ್ಳು ಉಯಿಲು ಪತ್ತೆ ಮಾಡಿದ್ದಳು. ಪ್ರತಿ ಸಲವೂ ಜೊತೆಗಿದ್ದವನು ದಪ್ಪಣ್ಣ. ಪ್ರತಿ ಸಲವೂ ತಪ್ಪು ಊಹಿಸಿದವನೂ ಅವನೇ.

"ನಂಗೆ ಪೇಂಟರ್ ಮೇಲೆ ಅನುಮಾನ ಅಕ್ಕ," ಎಂದ, ಏದುಸಿರು ಬಿಡುತ್ತ. "ಮೇಸ್ತ್ರಿ ತಮ್ಮ. 'ಸಾಕು ಬಿಡಣ್ಣ, ಮನೇಲಿರು' ಅಂತ ಒಂದು ವರ್ಷದಿಂದ ತಲೆ ತಿಂತಿದಾನೆ. ಅವತ್ತು ಅಲ್ಲೇ ಇದ್ದ."

"ನೀನೂ ಇದ್ದೆ. ಏನು ನೋಡ್ದೆ ಅಷ್ಟು ಹೇಳು."

ದಪ್ಪಣ್ಣ ಹೇಳಿದ. ಬೆಳಿಗ್ಗೆ ಮೇಸ್ತ್ರಿ ಬಲಗಡೆಯದಕ್ಕೆ ಕೈ ಹಾಕಿದ್ದ. ಕಾಲರನ್ನು ಹಿಗ್ಗುವಂತೆ ಕಾಯಿಸಿ ಆಕ್ಸಲ್ಲಿಗೆ ತೂರಿಸಿ, ಮೇಲೆ ಕಬ್ಬಿಣದ ಪೈಪಿಟ್ಟು ಹೊಡೆದರೆ ಅದು ಅರ್ಧಕ್ಕೇ ಕಚ್ಚಿಕೊಂಡಿತು. ಮತ್ತೆ ಕಾಯಿಸಿದ, ಮತ್ತೆ ಹೊಡೆದ. ಅದನ್ನು ಅದರ ಜಾಗಕ್ಕೆ ಸೇರಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡಿದ್ದನ್ನು ದಪ್ಪಣ್ಣನೂ ನೋಡಿದ್ದ, ತಮ್ಮನೂ ನೋಡಿದ್ದ.

"ಊಟ ಮುಗಿಸಿ ಬಂದು ಎಡಗಡೇದು ಹಾಕಿದ್ರೆ, ಅಕ್ಕ, ಒಂದೇ ಏಟು. ಕೂತುಬಿಡ್ತು. 'ನೋಡ್ದೇನೋ ದಪ್ಪ, ಕೈಗೆ ಜೀವ ಬಂತು' ಅಂತ ಮಗು ಥರ ನಕ್ಕ. ಇಡೀ ಬೀದಿಗೆ ಟೀ ಕುಡಿಸ್ದ."

ಸೂಜಿಯಕ್ಕ ಕನ್ನಡಕ ಏರಿಸಿಕೊಂಡು ಹೋಗಿ, ಕಳಚಿಬಿದ್ದ ಆಕ್ಸಲ್ ಮೇಲೆ ಉಗುರಾಡಿಸಿದಳು. ಕಾಲರ್ ಕೂರುವ ಜಾಗ ಫಳಫಳ ಹೊಳೆಯುತ್ತಿತ್ತು. ಅದರ ಅಂಚಿನ ಗೆರೆಯಲ್ಲಿ ಒಣಗಿದ ಬೂದುಬಣ್ಣದ ಕೆಸರು. ಅದನ್ನು ಸೂಜಿಯಿಂದ ಕೆದಕಿ ನೋಡಿದಳು.

"ಬಲಗಡೆ ಆಕ್ಸಲ್ಲನ್ನೂ ಬಿಚ್ಚಿಸು," ಎಂದಳು. "ನಿನ್ನ ಅಂಗಡಿಯಿಂದ ಒಂದು ಹೊಸ ಕಾಲರ್ ತಾ. ಸಂಜೆ ಎಲ್ಲರನ್ನೂ ಕರಿ."

ಸಂಜೆ ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಎಲ್ಲರೂ ಒಳಬಂದರು. ನರ್ಸಮ್ಮನ ಮೊಣಕೈಗೆ ಪಟ್ಟಿ. ಪೇಂಟರ್ ಗೋಡೆಗೆ ಅಂಟಿಕೊಂಡು ನಿಂತ. ಮೇಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ.

ಸೂಜಿಯಕ್ಕ ಹೊಸ ಕಾಲರನ್ನು ಮೂಲೆಯಲ್ಲಿದ್ದ ಅದೇ ಅಳತೆಯ ಒಂದು ಹಳೇ ಆಕ್ಸಲ್ಲಿಗೆ ಒತ್ತಿದಳು. ಒಳಗೆ ಹೋಗಲಿಲ್ಲ. "ಅಂದ್ರೆ ದಪ್ಪಣ್ಣನ ಮಾಲು ಸರಿಯಾಗೇ ಇದೆ." ಅದನ್ನೇ ಕಳಚಿಬಿದ್ದ ಆಕ್ಸಲ್ಲಿಗೆ ಹಾಕಿದಳು. ಕಾಯಿಸದೆ, ಹೊಡೆಯದೆ, ಸಲೀಸಾಗಿ ಜಾರಿ ಹೋಯಿತು. "ಆಕ್ಸಲ್ಲೇ ಸಣ್ಣಗಾಗಿದೆ. ಯಾರೋ ಉಜ್ಜಿದಾರೆ."

"ನಾನು ಸೀಮೆಎಣ್ಣೆ ಬಟ್ಟೇಲಿ ಒರೆಸ್ತೀನಿ ಅಷ್ಟೆ," ಎಂದ ಮೇಸ್ತ್ರಿ.

"ಗೊತ್ತು. ಮೆಕ್ಯಾನಿಕ್ ಆದೋನು ಆ ಜಾಗ ಉಜ್ಜಲ್ಲ. ಇಲ್ಲಿರೋ ಕೆಸರು ನೋಡಿ. ನೀರು ಹಾಕ್ಕೊಂಡು ಉಪ್ಪುಕಾಗದದಲ್ಲಿ ತಿಕ್ಕೋದು ಪೇಂಟಿನವರ ಅಭ್ಯಾಸ. ಬೆಳಿಗ್ಗೆ ಬಲಗಡೇದು ಕಚ್ಚಿಕೊಳ್ತು, ಮಧ್ಯಾಹ್ನ ಎಡಗಡೇದು ಜಾರ್ತು. ನಡುವೆ ಇದ್ದಿದ್ದು ನಿಮ್ಮ ಊಟದ ಹೊತ್ತು."

ದಪ್ಪಣ್ಣ ಗೆದ್ದವನಂತೆ ಎದೆಯುಬ್ಬಿಸಿದ. "ನಾನು ಹೇಳ್ಲಿಲ್ವಾ? ಗ್ಯಾರೇಜು ಮುಚ್ಚಿಸೋಕೆ..."

"ಬಾಯ್ಮುಚ್ಚು ದಪ್ಪ. ಕೆಡಿಸಬೇಕು ಅನ್ನೋನು ಇಷ್ಟು ಚೆಂದ ಮಾಡಿ ತಿಕ್ತಾನಾ? ಸುತ್ತಲೂ ಒಂದೇ ಸಮ, ಕಡೆಗೆ ನಯವಾದ ಕಾಗದದಲ್ಲಿ ಕೈ ಬೇರೆ ಆಡಿಸಿದಾನೆ. ಇದು ಪ್ರೀತಿಯಿಂದ ಮಾಡಿದ ಕೆಲಸ."

ಪೇಂಟರ್ ಗೋಡೆಯಿಂದ ಜಾರಿ ಕೂತೇಬಿಟ್ಟ. "ನೀನು ಅಳೋದು ನೋಡೋಕಾಗ್ಲಿಲ್ಲ ಅಣ್ಣ. ನಯ ಮಾಡಿದ್ರೆ ಸಲೀಸಾಗಿ ಕೂರುತ್ತೆ ಅಂದ್ಕೊಂಡೆ. ಅಷ್ಟೇ ಗೊತ್ತಿದ್ದಿದ್ದು ನಂಗೆ. ಆಮೇಲೆ ನೀನು ನಕ್ಕಾಗ ಹೇಳೋಕೆ ಬಾಯೇ ಬರ್ಲಿಲ್ಲ."

ಮೇಸ್ತ್ರಿ ಸೊರಗಿದ ಕೈಯನ್ನು ತಿರುಗಿಸಿ ನೋಡಿಕೊಂಡ. ದಪ್ಪಣ್ಣನಿಗೆ ಅಲ್ಲಿಂದ ಎದ್ದು ಓಡಿಹೋಗೋಣ ಅನ್ನಿಸಿತು.

"ಹಾಗಾದ್ರೆ ಕೈಗೆ ಜೀವ ಬಂದಿರ್ಲಿಲ್ಲ," ಎಂದ ಮೇಸ್ತ್ರಿ.

ಸೂಜಿಯಕ್ಕ ಬಲಗಡೆಯ ಆಕ್ಸಲ್ಲನ್ನು ಎಳೆದು ಅವನ ಮುಂದಿಟ್ಟಳು. "ಇದರ ಕಾಲರ್ ಎಳೆಯೋಕೆ ಮಧ್ಯಾಹ್ನದಿಂದ ದಪ್ಪಣ್ಣ ಒದ್ದಾಡಿದಾನೆ. ಪುಲ್ಲರ್ ಹಾಕಿ ಮೈಭಾರವೆಲ್ಲ ಬಿಟ್ಟ. ಕೂದಲೆಳೆಯಷ್ಟೂ ಕದಲಿಲ್ಲ. ನೀವು ಅತ್ತುಕೊಂಡು ಕೂರಿಸಿದ್ದು ಇದು ಮೇಸ್ತ್ರಿ. ಬೇರೆ ಯಾರೂ ಇದನ್ನ ಮುಟ್ಟಿಲ್ಲ."

ದಪ್ಪಣ್ಣ ಬೊಬ್ಬೆ ಎದ್ದ ಅಂಗೈಗಳನ್ನು ತೋರಿಸಿದ. ಜನ್ಮದಲ್ಲಿ ಮೊದಲ ಸಲ ಅವನು ಸರಿಯಾದ ಸಾಕ್ಷಿಯಾಗಿದ್ದ. ಮೇಸ್ತ್ರಿ ಆ ಕಾಲರಿನ ಮೇಲೆ ಹೆಬ್ಬೆರಳಿಟ್ಟು ಸುತ್ತ ಸವರಿದ. ಅವನ ಕಣ್ಣು ತುಂಬಿತು, ಈ ಸಲ ಒರೆಸಿಕೊಳ್ಳಲಿಲ್ಲ.

ನರ್ಸಮ್ಮ ಎದ್ದು ಕಾರಿನ ಬೀಗದ ಕೈಯನ್ನು ಅವನ ಪಕ್ಕದ ಸ್ಟೂಲಿನ ಮೇಲಿಟ್ಟಳು. "ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ಎಡಗಡೇನೂ ಹಾಗೇ ಕೂರಿಸಿ ಕೊಡಿ."

ಮೇಸ್ತ್ರಿ ತಮ್ಮನ ಕಡೆ ತಿರುಗಿದ.

"ಬೆಳಿಗ್ಗೆ ಹೊಸ ಆಕ್ಸಲ್ ತರಿಸ್ತೀನಿ, ಬೇಗ ಬಾ," ಎಂದ. "ಪೈಪು ನೀನು ಹಿಡ್ಕೊ. ಸುತ್ತಿಗೆ ನಂದು."